ಜಾಯ್ಸಳ ಬೆರಳು, ನನ್ನ ಬಾಯಿ

ಮಾರ್ಚ್ 5, ಬುಧವಾರ

ಬೂದಿ ಬುಧವಾರ. ಇಗರ್ಜಿಗೆ ಹೋಗಿ ಫಾದರ್ ಕೈಯಿಂದ ಹಣೆಗೆ ಬೂದಿ ಹಚ್ಚಿಸಿಕೊಂಡು ಬಂದಾಯಿತು. ಈಸ್ಟರ್‌ವರೆಗಿನ ನಲವತ್ತು ದಿನ ಪ್ರಿಯವಾದದ್ದು ಏನಾದರೊಂದನ್ನು ಬಿಡಬೇಕು. ಮೀನು ಬಿಟ್ಟರೆ ಮಂಗಳೂರನ್ನೇ ಬಿಟ್ಟ ಹಾಗೆ. ಮಾಂಸವನ್ನು ಡಾಕ್ಟರು ಮೊದಲೇ ಬಿಡಿಸಿದ್ದಾರೆ, ಅದರ ಪುಣ್ಯ ಅವರ ಲೆಕ್ಕಕ್ಕೆ. ಹಾಗಾಗಿ ಈ ಸಲ ಶ್ಲೇಷೆ ಬಿಡುತ್ತೇನೆ ಎಂದು ಜಾಯ್ಸ್‌ಗೆ ಹೇಳಿದೆ.

"ಶ್ಲೇಷೆ ಅಂದ್ರೆ ಎಂತ ಟೀಚರ್? ಶೀತ ಆದಾಗ ಬರುವುದಾ?"

"ಅದು ಶ್ಲೇಷ್ಮ. ಇದು ಅದಕ್ಕಿಂತ ಹಳೆಯ ಕಾಯಿಲೆ."

ಬ್ಯಾಂಕಿನವರು ಕೊಟ್ಟ ಡೈರಿ ಎರಡು ತಿಂಗಳು ಖಾಲಿ ಬಿದ್ದಿತ್ತು. ಮೂವತ್ತೊಂದು ವರ್ಷ ಕನ್ನಡ ಕಲಿಸಿದವಳು ಕನ್ನಡದಲ್ಲಿ ಬರೆಯಲು ಹೆದರಬಾರದು. ಮನೆಯಲ್ಲಿ ನಾನೊಬ್ಬಳೇ. ಪಕ್ಕದ ಮನೆಯ ಜಾಯ್ಸ್ ದಿನಕ್ಕೆ ಹತ್ತು ಸಲ ಬಂದುಹೋದರೂ ನನ್ನ ಕೈಬರಹ ಅವಳಿಗೆ ಓದಲು ಬರುವುದಿಲ್ಲ. ಇದಕ್ಕಿಂತ ಗಟ್ಟಿ ಪಾಸ್‌ವರ್ಡ್ ಎಲ್ಲಿ ಸಿಕ್ಕೀತು?

ಈ ಕುಲಶೇಖರದಲ್ಲಿ ಜಾಯ್ಸಳ ಬಫಾತ್ ಪುಡಿ ಬೀಳದೆ ಹಬ್ಬದ ಹಂದಿ ಬೇಯುವುದಿಲ್ಲ. ಗಂಡ ತೀರಿಕೊಂಡ ಮೇಲೆ ಹಿಂದಿನ ಕೋಣೆಯಲ್ಲಿ ಮೆಷಿನ್ ಇಟ್ಟು, ಮೆಣಸು ಕೊತ್ತಂಬರಿ ಹುರಿದು ಪುಡಿ ಮಾಡಿ ಮಗ ಶೆರ್ವಿನ್‌ನನ್ನು ಓದಿಸಿದಳು. ಅವನೀಗ ಹಡಗಿನಲ್ಲಿದ್ದಾನೆ. ನಾನು ನಿವೃತ್ತಳಾದ ಮೇಲೆ ಆ ಪುಡಿಯನ್ನು ಆನ್‌ಲೈನ್‌ಗೆ ಹತ್ತಿಸಿದೆ. ಪುಡಿ ಅವಳದ್ದು, ನುಡಿ ನನ್ನದು. ಹೆಸರು ‘ಖಾರುಬಾರು’. ಲೈಸೆನ್ಸ್, ಬ್ಯಾಂಕ್, ಫೋನ್ ಎಲ್ಲ ಅವಳದ್ದೇ. ಆದರೆ ಗಿರಾಕಿ ಕರೆ ಮಾಡಿದರೆ ಅವಳು ಫೋನನ್ನು ಬಿಸಿ ಬಾಣಲೆಯ ಹಾಗೆ ಹಿಡಿದು ನನ್ನ ಕೈಗೆ ದಾಟಿಸುತ್ತಾಳೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಪಾಪ.

ಕಳೆದ ತಿಂಗಳು ಇಗರ್ಜಿಯ ಸ್ತ್ರೀ ಸಂಘಟನೆಯಲ್ಲಿ ಆನ್‌ಲೈನ್ ಮೋಸದ ಬಗ್ಗೆ ಭಾಷಣ ಮಾಡಿದೆ. "ಓಟಿಪಿ ಕೊಟ್ಟವರಿಗೆ ಟೋಪಿ", "ಕ್ಯೂಆರ್ ಅಂದ ಕೂಡಲೇ ಯಾರ್ ಅಂತ ಕೇಳಿ". ಐವತ್ತು ಹೆಂಗಸರು ನಕ್ಕರು. ಜಾಯ್ಸ್ ಮಾತ್ರ ನಗದೆ ಎದುರಿನ ಸಾಲಿನಲ್ಲಿ ಕೂತು ನೋಟ್ಸ್ ಬರೆದುಕೊಂಡಳು. ತರಗತಿಗೊಬ್ಬಳು ಹೀಗಿರುತ್ತಾಳೆ.

ಮಾರ್ಚ್ 16, ಭಾನುವಾರ

ಕುವೈತಿನಿಂದ ಕರೆ. ಹೆಸರು ಡೆರಿಲ್ ಅಂತೆ. ಅಲ್ಲಿನ ಕೊಂಕಣಿ ಸಂಘದವರು ಈಸ್ಟರ್‌ಗೆ ಸದಸ್ಯರಿಗೆಲ್ಲ ಒಂದೊಂದು ಪ್ಯಾಕೆಟ್ ಹಂಚುತ್ತಾರಂತೆ. ಎಂಬತ್ತು ಕಿಲೋ! ಜಾಯ್ಸ್ ಹುಟ್ಟಿದ ಮೇಲೆ ಇಷ್ಟು ದೊಡ್ಡ ಆರ್ಡರ್ ಕಂಡಿಲ್ಲ.

ನಾನೇನು ಕಣ್ಣು ಮುಚ್ಚಿ ನಂಬುವವಳಲ್ಲ. ಬ್ಯಾಂಕಿನವರ ಕೆವೈಸಿ ಬೇರೆ, ನಮ್ಮದು ಬೇರೆ.

"ಯಾವ ಇಗರ್ಜಿ ನಿಮ್ಮದು?"

"ಕುಲಶೇಖರವೇ ಟೀಚರ್, ಅಮ್ಮನ ಮನೆ ಅಲ್ಲಿಯೇ."

"ವಾಡೊ?"

ಇಗರ್ಜಿಯ ಅಷ್ಟು ವಾರ್ಡುಗಳಲ್ಲಿ ನಮ್ಮ ವಾಡೊದ ಹೆಸರನ್ನೇ ಹೇಳಿದ.

"ಹಾಗಾದ್ರೆ ಗುರ್ಕಾರ್ ಯಾರು ಹೇಳಿ ನೋಡುವ."

"ರುಡೊಲ್ಫ್ ಅಂಕಲ್ ಅಲ್ವಾ? ಅವರ ಮೊಣಕಾಲಿನ ಆಪರೇಷನ್ ಆಯ್ತಲ್ಲ, ಈಗ ನಡೀತಾರಾ?"

ವಾಡೊದ ಮುಖಂಡನ ಮೊಣಕಾಲಿನವರೆಗೆ ಗೊತ್ತಿರುವವನು ಹೊರಗಿನವನಾಗಲು ಸಾಧ್ಯವೇ? ನೂರಕ್ಕೆ ನೂರು ಅಂಕ. ಕೊಂಕಣಿಯೂ ಅಪ್ಪಟ. ಮುಂಗಡವನ್ನು ಮಂಗಳವಾರ ಕಳಿಸುತ್ತಾನಂತೆ.

ಮಾರ್ಚ್ 17, ಸೋಮವಾರ

ಕೊಟ್ಟಾರದ ಕೊರಿಯರ್ ಕೌಂಟರಿಗೆ ಪಾರ್ಸೆಲ್ ಕೊಡಲು ಹೋದೆ. ಅಲ್ಲಿರುವ ರುಖಿಯಾಳಿಗೆ ಆರ್ಡರಿನ ಸುದ್ದಿ ಹೇಳಿ ಸ್ವಲ್ಪ ಮೆರೆದೆ. ಅವಳು ಟೇಪು ಕತ್ತರಿಸುತ್ತಾ, "ಅವ ಕೊರಿಯರ್ ಚಾರ್ಜ್ ಕೇಳಿದ್ನಾ ಮೇಡಂ?" ಅಂದಳು.

"ಇಲ್ಲ."

"ಎಂಬತ್ತು ಕಿಲೋಗೆ ಕೇಳ್ಲಿಲ್ಲ? ಗಲ್ಫಿನವರು ಪುಡಿಯ ರೇಟು ಆಮೇಲೆ ಕೇಳ್ತಾರೆ, ಕಳಿಸುವ ರೇಟು ಮೊದಲು ಕೇಳ್ತಾರೆ. ಪುಡಿಗಿಂತ ಅದೇ ಜಾಸ್ತಿ ಆಗ್ತದಲ್ಲ."

"ನಮ್ಮವ ಮಾರಾಯ್ತಿ. ಸಂಕೋಚ ಇರಬಹುದು."

"ಎಂಬತ್ತು ಕಿಲೋ ತಗೊಳ್ಳುವವರಿಗೆ ರೇಟು ಕೇಳ್ಲಿಕ್ಕೆ ಎಂತ ಸಂಕೋಚ? ನೋಡಿಕೊಳ್ಳಿ ಆಯ್ತಾ."

ಚುರುಕಿನ ಹುಡುಗಿ, ಆದರೆ ಎಲ್ಲರನ್ನೂ ತೂಕದ ಮೆಷಿನ್ ಮೇಲೇ ಕೂರಿಸುತ್ತಾಳೆ.

ಮಾರ್ಚ್ 18, ಮಂಗಳವಾರ

ಹೋಯಿತು. ತೊಂಬತ್ತೆರಡು ಸಾವಿರ.

ಮಾರ್ಚ್ 19, ಬುಧವಾರ

ನಿನ್ನೆಯೇ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಬರೆಸಿದೆವು. ಇವತ್ತು ಠಾಣೆಗೆ ಹೋಗಿ ಹೇಳಿಕೆ ಕೊಟ್ಟೆವು. ಅಲ್ಲಿನ ಪೊಲೀಸರು ಒಳ್ಳೆಯವರು, ಚಹಾ ತರಿಸಿದರು. ಹಣ ಆ ಖಾತೆಯಿಂದ ಆಗಲೇ ಬೇರೆ ನಾಲ್ಕು ಖಾತೆಗೆ ಹೋಗಿದೆಯಂತೆ, ಸಿಕ್ಕಿದರೆ ಸಿಕ್ಕಿತು ಅಂದರು.

ಹೇಳಿಕೆ ಬರೆದದ್ದು ನಾನು. "ಕ್ಯೂಆರ್ ಸ್ಕ್ಯಾನ್ ಮಾಡಲಾಯಿತು. ಪಿನ್ ಒತ್ತಲಾಯಿತು." ಮಾಡಿದ್ದು ಯಾರು ಎಂದು ಹೇಳದೆಯೂ ವಾಕ್ಯ ಪೂರ್ಣವಾಗುತ್ತದೆ. ಮೂವತ್ತೊಂದು ವರ್ಷ ಇದನ್ನು ಕಲಿಸಿದೆ. ಉಪಯೋಗಕ್ಕೆ ಬಂದದ್ದು ಇವತ್ತು.

ಮಾರ್ಚ್ 20, ಗುರುವಾರ

ನಡೆದದ್ದನ್ನು ಒಂದು ಸಲ ನೆಟ್ಟಗೆ ಬರೆದುಬಿಡುತ್ತೇನೆ.

ಡೆರಿಲ್ ನನ್ನ ಫೋನಿಗೆ ಕರೆ ಮಾಡಿ, "ಸಂಘದ ಖಾತೆಯಿಂದ ನೇರ ಬರುವುದಿಲ್ಲ ಟೀಚರ್, ಕ್ಯೂಆರ್ ಕಳಿಸ್ತೇನೆ, ಸ್ಕ್ಯಾನ್ ಮಾಡಿ ಪಿನ್ ಹಾಕಿದ್ರೆ ನಿಮಗೆ ಬರ್ತದೆ" ಅಂದ. ಮೊದಲು ಹತ್ತು ರೂಪಾಯಿಯ ಪರೀಕ್ಷೆ. ಹತ್ತು ಹೋಯಿತು, ಇಪ್ಪತ್ತು ಬಂತು. ಜಾಯ್ಸ್ ನಕ್ಕಳು. ಆಮೇಲೆ ನಲವತ್ತಾರು ಸಾವಿರದ್ದು. ನನ್ನ ಕಿವಿಯಲ್ಲಿ ಡೆರಿಲ್. ಜಾಯ್ಸಳ ಕೈಯಲ್ಲಿ ಅವಳ ಫೋನ್, ಬೆರಳಲ್ಲಿ ಮೆಣಸಿನ ಪುಡಿ.

"ಟೀಚರ್, ಹಣ ಬರ್ಲಿಕ್ಕೆ ಪಿನ್ ಬೇಡ ಅಂತ ನೀವೇ ಹೇಳಿದ್ದಲ್ವಾ?"

"ಇದು ವಿದೇಶದ್ದು. ಒತ್ತು."

ಒತ್ತಿದಳು. ಎರಡನೆಯ ಸಲವೂ ಒತ್ತಿದಳು.

ಇಷ್ಟೇ. ಬರೆದರೆ ಏನಾದರೂ ಅನಿಸಬಹುದು ಎಂದುಕೊಂಡಿದ್ದೆ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ತುಟಿ ಇರುತ್ತದಲ್ಲ, ಹಾಗೆ. ಮುಟ್ಟಿದರೆ ಬೇರೆಯವರ ತುಟಿ.

ಮಾರ್ಚ್ 23, ಭಾನುವಾರ

ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಜಾಯ್ಸ್ ಎಲ್ಲರಿಗೂ ಹೇಳುತ್ತಿದ್ದಳು.

"ಟೀಚರ್ ಸರಿಯಾಗಿಯೇ ಹೇಳಿದ್ರು. ಹಣ ಬರುವ ಬಟನ್ ಬೇರೆ ಇದ್ದಿರ್ಬೇಕು, ನಾನು ಹೋಗುವ ಬಟನ್ ಒತ್ತಿದೆ. ಕೈಯಲ್ಲಿ ಪುಡಿ ಇತ್ತು, ಬೆರಳು ಜಾರಿತು."

ಹಾಗೆ ಎರಡು ಬಟನ್ ಇಲ್ಲ. ಪಿನ್ ಇರುವುದೇ ಕೊಡಲಿಕ್ಕೆ. ನಾನು ಅಲ್ಲಿಯೇ ನಿಂತಿದ್ದೆ, ಮೂರು ಅಡಿ ದೂರದಲ್ಲಿ. ಬಾಯಿ ತೆರೆದೆ.

"ಬಿಸಿಲು ಜೋರುಂಟು, ಹೋಗುವನಾ?" ಅಂದೆ.

ಮಾರ್ಚ್ 30

ಅರ್ಧ ನಷ್ಟ ನಾನು ಹೊರುತ್ತೇನೆ ಎಂದು ನಲವತ್ತಾರು ಸಾವಿರ ಕೊಟ್ಟೆ. ಜಾಯ್ಸ್ ಅತ್ತಳು. "ನನ್ನ ತಪ್ಪಿಗೆ ನೀವ್ಯಾಕೆ?" ಅಂದಳು. ಸಂಜೆಯೊಳಗೆ ವಾಡೊಗೆಲ್ಲ ಗೊತ್ತು: ಎವ್ಲಿನ್ ಟೀಚರ್ ಮನಸ್ಸು ಎಷ್ಟು ದೊಡ್ಡದು. ಗುರ್ಕಾರ್ ರುಡೊಲ್ಫ್ ಮೊಣಕಾಲು ಎಳೆಯುತ್ತಾ ಮನೆಯವರೆಗೆ ಬಂದು ಕೈ ಕುಲುಕಿದರು.

ಇಷ್ಟು ಕಡಿಮೆಗೆ ಇಷ್ಟು ಮರ್ಯಾದೆ. ಚೌಕಾಸಿ ಮಾಡದೆ ತೆಗೆದುಕೊಂಡೆ.

ಏಪ್ರಿಲ್ 2

ರುಖಿಯಾ ಕೌಂಟರಿನಲ್ಲಿ ನನ್ನದೇ ಫೇಸ್‌ಬುಕ್ ಪುಟ ತೆರೆದು ತೋರಿಸಿದಳು. ವಾಡೊದ ಪಿಕ್ನಿಕ್ಕಿನ ಫೋಟೊ, ಅಡಿಯಲ್ಲಿ ವಾಡೊದ ಹೆಸರು, ಎಲ್ಲರ ಹೆಸರು. "ನಮ್ಮ ಗುರ್ಕಾರ್ ರುಡೊಲ್ಫ್‌ರ ಮೊಣಕಾಲಿಗಾಗಿ ಪ್ರಾರ್ಥಿಸಿ." ಬರೆದದ್ದು ನಾನೇ.

ಪ್ರಶ್ನೆಪತ್ರಿಕೆ ನನ್ನದು. ಉತ್ತರವನ್ನೂ ನಾನೇ ಗೋಡೆಗೆ ಅಂಟಿಸಿದ್ದೆ.

"ನಿಮ್ಮ ಜನ ಅಂತ ಅಲ್ಲ ಮೇಡಂ, ನಮ್ಮಲ್ಲಿ ಸಹ ಹಾಗೆಯೇ. ಸಲಾಂ ಹೇಳಿದ ಕೂಡಲೇ ಕರಗ್ತೇವೆ," ಅಂದಳು ರುಖಿಯಾ. "ಜಾಯ್ಸಕ್ಕ ಹೇಗಿದ್ದಾರೆ? ಅವರದ್ದು ಪಾಪ ಬೆರಳು ಜಾರಿದ್ದಂತೆ?"

"ಹೌದು" ಅಂದೆ.

ಬಾಯಿಂದ ಈ ‘ಹೌದು’ ಬಂದದ್ದು ಇದೇ ಮೊದಲು. ಇಷ್ಟು ದಿನ ಸುಮ್ಮನಿದ್ದೆ ಅಷ್ಟೆ.

ಏಪ್ರಿಲ್ 8

ಶೆರ್ವಿನ್ ರಜೆಯಲ್ಲಿ ಬಂದಿದ್ದಾನೆ. ಹಡಗಿನ ಅಡುಗೆಮನೆಯಲ್ಲಿ ಇನ್ನೂರು ಜನರ ಊಟ ನಿಭಾಯಿಸುವವನು. ಬಂದ ಮರುದಿನವೇ ತಾಯಿಯ ಫೋನ್ ತೆಗೆದುಕೊಂಡು ಗುಂಡಿ ಒತ್ತುವ ಸಣ್ಣ ಫೋನ್ ಕೊಟ್ಟ. ಖಾತೆಗೂ ಅವನ ನಂಬರ್.

"ಸಾಕು ಆಂಟಿ, ಮಮ್ಮಿಯಿಂದ ಇನ್ನು ಆಗುವುದಿಲ್ಲ. ನಾಳೆ ಬೇರೆ ಯಾರಿಗೋ ಮನೆಯ ಪತ್ರ ಸಹ ಕೊಟ್ರೆ?"

"ಅವಳಿಗೆ ಕೆಲಸ ಬೇಕಲ್ಲ ಶೆರ್ವಿನ್."

"ಎಂತಕ್ಕೆ? ನಾನು ಕಳಿಸ್ತೇನಲ್ಲ. ಟಿವಿ ನೋಡ್ಲಿ, ಮಣಿ ಹಿಡಿದು ರೊಸಾರ್ ಹೇಳ್ಲಿ. ಮೆಷಿನ್ ಮಾರುವ ಅಂತ ಹಾಕಿದ್ದೇನೆ."

ಒಳ್ಳೆಯ ಮಗ. ತಪ್ಪೆಲ್ಲಿ ಎಂದು ಕೇಳಿದರೆ ತೋರಿಸಲು ಬರುವುದಿಲ್ಲ. ಅಂದರೆ, ನನಗೆ ಬರುತ್ತದೆ. ಜಾಯ್ಸ್ ಬಾಗಿಲಿನಲ್ಲಿ ನಿಂತು ಕೇಳುತ್ತಿದ್ದಳು. ಹೋಗುವಾಗ ನೋಡಿದೆ, ಫ್ಯಾನಿನ ಸ್ವಿಚ್ ಹಾಕಲು ಮಗನನ್ನು ಕರೆದಳು.

ಏಪ್ರಿಲ್ 14, ಸೋಮವಾರ

ಪವಿತ್ರ ವಾರ. ಪಾಪ ಒಪ್ಪಿಕೊಳ್ಳುವ ಕುಮ್ಸಾರಿಗೆ ಹೋದೆ. ಪರದೆಯ ಆಚೆ ಫಾದರ್, ಈಚೆ ನಾನು. ಎರಡು ಶುಕ್ರವಾರ ಉಪವಾಸ ತಪ್ಪಿಸಿದ್ದು ಹೇಳಿದೆ. ಹಾಲಿನವನಿಗೆ ಬೈದದ್ದು ಹೇಳಿದೆ. ಜನರನ್ನು ಗೇಲಿ ಮಾಡುವ ಚಾಳಿಯನ್ನೂ ಹೇಳಿದೆ.

"ಇನ್ನೇನಾದ್ರೂ ಉಂಟಾ ಮಗಳೇ?"

ಫಾದರ್‌ಗೆ ಮೂವತ್ನಾಲ್ಕು. ಪಿಯುಸಿಯಲ್ಲಿ ನನ್ನ ತಮ್ಮನ ಮಗನ ಜೊತೆ ಓದಿದವರು.

"ಅಷ್ಟೇ ಫಾದರ್."

ಪ್ರಾಯಶ್ಚಿತ್ತಕ್ಕೆ ಮೂರು ನಮೋ ಮರಿಯಾ. ಹೇಳಿದೆ. ಹಿಂದಿನ ಬೆಂಚಿನಲ್ಲಿ ಜಾಯ್ಸ್ ತನ್ನ ಸರದಿಗೆ ಕಾಯುತ್ತಿದ್ದಳು. ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಅವಳಲ್ಲಿ ಅಷ್ಟು ಹೊತ್ತು ಹೇಳುವ ಪಾಪ ಏನಿದೆ ಎಂದು ನನಗೆ ಗೊತ್ತಿತ್ತು. ನನ್ನದು.

ಏಪ್ರಿಲ್ 20

ಈಸ್ಟರ್. ಊಟ ಜಾಯ್ಸಳ ಮನೆಯಲ್ಲಿ. ಅಂಗಡಿಯಿಂದ ತಂದ ಪುಡಿಯ ಬಫಾತ್.

ಶ್ಲೇಷೆಯ ವ್ರತ ಇವತ್ತಿಗೆ ಮುಗಿಯಿತು. ಆಂಡ್ರಿಯಾ ನೆನಪಿಸಿದಳು, ಸ್ತ್ರೀ ಸಂಘಟನೆಯ ಕಾರ್ಯದರ್ಶಿ. "ಟೀಚರ್, ಒಂದು ಬಿಡಿ ನೋಡುವ." ಏನೂ ಹೊಳೆಯಲಿಲ್ಲ. ನಗು ಬಂದವಳ ಹಾಗೆ ಮುಖ ಮಾಡಿದೆ. ಅವಳೇ ನಕ್ಕಳು.

ಏಪ್ರಿಲ್ 26

ಉಳ್ಳಾಲದಿಂದ ಒಬ್ಬರು ಮೆಷಿನ್ ನೋಡಿಕೊಂಡು ಹೋದರು. ಐದು ಸಾವಿರ ಮುಂಗಡ. ಮೇ 5ಕ್ಕೆ ಪಿಕಪ್ ತರುತ್ತಾರೆ.

ಅವರು ಹೋದ ಮೇಲೆ ಜಾಯ್ಸ್ ಮೆಷಿನ್ನಿನ ಬಾಯಿಯನ್ನು ಹಳೆ ನೈಟಿಯ ಬಟ್ಟೆಯಿಂದ ಒರೆಸುತ್ತಾ ಕೂತಳು. ಒಂದು ತಿಂಗಳಿಂದ ಓಡದ ಮೆಷಿನ್, ಅದರಲ್ಲಿ ಧೂಳು ಬಿಟ್ಟರೆ ಏನೂ ಇಲ್ಲ. ನಾನು ಹೊಸ್ತಿಲಲ್ಲಿ ನಿಂತಿದ್ದೆ.

"ಹದಿನಾರು ವರ್ಷ ಆಯ್ತು ಟೀಚರ್. ಒಂದು ದಿನ ಸಹ ಇದರಲ್ಲಿ ಬೆರಳು ಸಿಕ್ಕಿಸಿಕೊಂಡದ್ದಿಲ್ಲ ನಾನು."

ಮನೆಗೆ ಬಂದು ಬಟ್ಟೆ ಮಡಚಿದೆ. ಮಡಚಿದ್ದನ್ನು ಬಿಚ್ಚಿ ಮತ್ತೊಮ್ಮೆ ಮಡಚಿದೆ.

ಮೇ 1

ಆಂಡ್ರಿಯಾಳ ಫೋನ್. ಭಾನುವಾರ ಸಭೆಯುಂಟು, ಆನ್‌ಲೈನ್ ಮೋಸದ ಬಗ್ಗೆ ಇನ್ನೊಮ್ಮೆ ಮಾತಾಡಬೇಕಂತೆ.

"ಜಾಯ್ಸಕ್ಕನದ್ದು ಉದಾಹರಣೆ ಕೊಡಿ ಟೀಚರ್. ಹೆಸರು ಹೇಳುವುದು ಬೇಡ. ಎಲ್ಲರಿಗೂ ಗೊತ್ತುಂಟಲ್ಲ. ಓದದವರು ಫೋನ್ ಮುಟ್ಟುವಾಗ ಹೇಗೆ ಜಾಗ್ರತೆ ಅಂತ. ನಿಮ್ಮ ಆ ಟೋಪಿ ಜೋಕ್ ಸಹ ಇರಲಿ."

"ಆಯ್ತು" ಅಂದೆ.

ಮೇ 3, ಶನಿವಾರ

ಭಾಷಣ ಬರೆಯಲು ಕೂತೆ. "ಇತ್ತೀಚೆಗೆ ನಮ್ಮ ವಾಡೊದ ಒಬ್ಬ ಮುಗ್ಧ ಸಹೋದರಿ" ಎಂದು ಶುರು ಮಾಡಿದೆ. ಹೊಡೆದು ಹಾಕಿದೆ. "ಒಬ್ಬ ಸಹೋದರಿ" ಮಾಡಿದೆ. ಅದನ್ನೂ ಹೊಡೆದೆ. ನಾಲ್ಕು ಹಾಳೆ ಹೋಯಿತು. ಕಡೆಗೆ ಖಾಲಿ ಹಾಳೆಯನ್ನೇ ಮಡಚಿ ಪರ್ಸಿನಲ್ಲಿ ಇಟ್ಟೆ.

ಮೇ 4, ಭಾನುವಾರ

ಇಗರ್ಜಿಯ ಸಣ್ಣ ಹಾಲ್. ಐವತ್ತು ಜನ ಇರಬಹುದು. ಜಾಯ್ಸ್ ಈ ಸಲ ಹಿಂದಿನ ಸಾಲಿನಲ್ಲಿ, ಶೆರ್ವಿನ್ ಬಾಗಿಲಿನ ಹತ್ತಿರ, ತಾಯಿಯನ್ನು ಕರೆದುಕೊಂಡು ಹೋಗಲು ಬಂದವನು.

ನಾನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ.

"ಹಣ ಬರುವ ಬಟನ್ ಅಂತ ಒಂದು ಇಲ್ಲ. ಹಣ ಬರ್ಲಿಕ್ಕೆ ಪಿನ್ ಬೇಡವೇ ಬೇಡ. ಪಿನ್ ಕೇಳಿದ್ರೆ ಅದು ಕೊಡ್ಲಿಕ್ಕೆ. ಜಾಯ್ಸ್ ತಪ್ಪು ಬಟನ್ ಒತ್ತಲಿಲ್ಲ, ಅಲ್ಲಿದ್ದದ್ದು ಒಂದೇ. ಒತ್ತುವ ಮೊದಲು ಅವಳು ನನ್ನನ್ನು ಕೇಳಿದಳು, ಪಿನ್ ಬೇಡ ಅಂತ ನೀವೇ ಹೇಳಿದ್ದಲ್ವಾ ಅಂತ. ನಾನು ಒತ್ತು ಅಂದೆ. ಮೊದಲನೆಯದ್ದು ಹೋದ ಕೂಡಲೇ ಮೆಸೇಜ್ ಬಂತು. ಟೀಚರ್, ಇದರಲ್ಲಿ ಡೆಬಿಟ್ ಅಂತ ಉಂಟು, ಅಂದಳು. ಡೆಬಿಟ್ ಅಂದ್ರೆ ಎಂತ ಅಂತ ಅವಳಿಗೆ ಗೊತ್ತಿತ್ತು. ಅವ ಫೋನಿನಲ್ಲಿ ಸರ್ವರ್ ತೊಂದರೆ, ಇನ್ನೊಮ್ಮೆ ಹಾಕಿದ್ರೆ ಎರಡೂ ಒಟ್ಟಿಗೆ ಬರ್ತದೆ ಅಂದ. ನಾನು ಅವಳಿಗೆ, ನಿನಗೆ ಅರ್ಥ ಆಗುದಿಲ್ಲ, ಇನ್ನೊಮ್ಮೆ ಒತ್ತು ಅಂದೆ. ಆಮೇಲೆ ಅವಳು ಬೆರಳು ಜಾರಿತು ಅಂದಾಗ ನಾನು ಸುಮ್ಮನಿದ್ದೆ. ಒಂದೂವರೆ ತಿಂಗಳು."

ಆಂಡ್ರಿಯಾ ಮೈಕಿಗೆ ಕೈ ಚಾಚಿದವಳು ಹಿಂದೆ ತೆಗೆದಳು. ನಾನು ಕೆಳಗಿಳಿದು ನೋಡುವಾಗ ಜಾಯ್ಸಳ ಕುರ್ಚಿ ಖಾಲಿ. ಶೆರ್ವಿನ್ ಸಹ ಇಲ್ಲ.

ನಡೆದುಕೊಂಡು ಬಂದೆ. ಪರ್ಸಿನ ಖಾಲಿ ಹಾಳೆಯನ್ನು ಡೈರಿಯೊಳಗೆ ಇಟ್ಟೆ.

ಮೇ 5, ಸೋಮವಾರ

ಬೆಳಿಗ್ಗೆ ಹತ್ತಕ್ಕೆ ಉಳ್ಳಾಲದ ಪಿಕಪ್ ಬಂತು. ಕಿಟಕಿಯಿಂದ ನೋಡಿದೆ. ಶೆರ್ವಿನ್ ಅವರಿಗೆ ಐದು ಸಾವಿರ ಎಣಿಸಿ ಹಿಂದೆ ಕೊಟ್ಟ. ಅವರು ಜೋರು ಮಾಡಿದರು, ತುಳುವಿನಲ್ಲಿ ನಾಲ್ಕು ಮಾತು ಆಯಿತು, ಪಿಕಪ್ ಖಾಲಿಯೇ ತಿರುಗಿತು.

ಮಧ್ಯಾಹ್ನ ಜಾಯ್ಸ್ ಬಂದಳು. ಯಾವತ್ತೂ ಹಿಂಬಾಗಿಲಿನಿಂದ ಬರುವವಳು ಇವತ್ತು ಮುಂಬಾಗಿಲಿಗೆ ಬಂದು ಬೆಲ್ ಒತ್ತಿದಳು. ಕೂತುಕೋ ಅಂದೆ. ಕೂರಲಿಲ್ಲ.

"ಐವತ್ತು ಜನಕ್ಕೆ ಮೈಕಿನಲ್ಲಿ ಹೇಳಿದ್ರಿ ಟೀಚರ್. ನನಗೆ ಹೇಳ್ಲಿಲ್ಲ. ನಡುವೆ ಒಂದು ಗೋಡೆ ಉಂಟು ನಮ್ಮದು, ಅಷ್ಟೇ."

"ಹೌದು."

"ನಿಮಗೆ ಚಪ್ಪಾಳೆ ಬೇಕಿತ್ತಾ?"

"ಗೊತ್ತಿಲ್ಲ ಜಾಯ್ಸ್. ಇರಬಹುದು."

"ಈ ಬೆರಳಿಗೆ ನಾನು ಎಷ್ಟು ಬೈದಿದ್ದೇನೆ ಗೊತ್ತುಂಟಾ? ಪಾತ್ರೆ ತೊಳೆಯುವಾಗ, ರೊಸಾರ್ ಹೇಳುವಾಗ. ಕುಮ್ಸಾರಿನಲ್ಲಿ ಫಾದರ್ ಹತ್ರ ಸಹ ಇದನ್ನೇ ಹೇಳಿದ್ದು. ಮಗನ ದುಡ್ಡು ಹಾಳು ಮಾಡಿದೆ ಅಂತ. ಅವರು ಸಮಾಧಾನ ಮಾಡಿದ್ರು. ನೀವು ಆಚೆ ಬೆಂಚಿನಲ್ಲಿ ಕೂತಿದ್ರಿ."

ನಾನು ಕ್ಷಮಿಸು ಅಂದೆ.

"ನೀವು ಕೊಟ್ಟದ್ದು ಅರ್ಧ. ಉಳಿದ ಅರ್ಧ ಸಹ ನಿಮ್ಮದೇ."

"ನಾಳೆಯೇ ಹಾಕ್ತೇನೆ."

"ನನ್ನ ಖಾತೆಗೆ. ಶೆರ್ವಿನ್‌ನದ್ದಕ್ಕಲ್ಲ. ನಂಬರ್ ವಾಪಸ್ ಬದಲಿಸಿ ಆಗಿದೆ."

ಹೋದಳು. ಗೇಟನ್ನು ಹಾಕಿಕೊಂಡೇ ಹೋದಳು. ಅವಳು ಹೋದ ಮೇಲೆ ಗಂಜಿ ಉಣ್ಣಲು ಕೂತೆ. ಎರಡು ತುತ್ತಿಗೇ ಎದ್ದು ತಟ್ಟೆ ತೊಳೆದೆ. ಇಷ್ಟು ದಿನ ಪೂರ್ತಿ ಉಣ್ಣುತ್ತಿದ್ದೆ.

ಮೇ 6

ಹಾಕಿದೆ. ‘ಸಿಕ್ಕಿತು’ ಎಂದು ಮೆಸೇಜ್ ಬಂತು. ಅಷ್ಟೇ.

ಮೇ 10, ಶನಿವಾರ

ಬೆಳಿಗ್ಗೆಯಿಂದ ಮೆಷಿನ್ ಓಡುವ ಸದ್ದು. ಮಳೆ ಬರುವ ಮೊದಲು ವರ್ಷದ ಪುಡಿ ಮಾಡಿಟ್ಟುಕೊಳ್ಳುವವರು ಈಗಲೇ ಕೇಳುವುದು. ಮೂರು ಸಲ ಹಿಂಬಾಗಿಲಿನವರೆಗೆ ಹೋಗಿ ಬಂದೆ. ಅವಳ ಅಂಗಳದಲ್ಲಿ ಚಾಪೆಯ ಮೇಲೆ ಮೆಣಸು ಒಣಗುತ್ತಿತ್ತು. ಒಳಗೆ ಅವಳು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು:

"ಇಲ್ಲ ಇಲ್ಲ, ಹಣ ಖಾತೆಗೆ ಬಂದು ನಾನು ಪಾಸ್‌ಬುಕ್ಕಿನಲ್ಲಿ ನೋಡಿದ ಮೇಲೆ ಪುಡಿ. ಸ್ಕ್ರೀನ್‌ಶಾಟ್ ನನಗೆ ಬೇಡ. ಅರ್ಜೆಂಟ್ ಇದ್ರೆ ಬೇರೆ ಕಡೆ ತಗೊಳ್ಳಿ ಮಾರಾಯ್ರೆ."

ಧ್ವನಿ ಸ್ವಲ್ಪ ನಡುಗುತ್ತಿತ್ತು. ಮಾತು ನಡುಗಲಿಲ್ಲ.

ಮೇ 13, ಮಂಗಳವಾರ

ಸಂಜೆ ಗೋಡೆಯ ಆಚೆಯಿಂದ ಅವಳ ದನಿ. ಮುಖ ಕಾಣಲಿಲ್ಲ.

"ಟೀಚರ್, ನಾಳೆ ನಲವತ್ತು ಕಿಲೋ ಮೆಣಸು ಬರ್ತದೆ. ತೊಟ್ಟು ತೆಗಿಲಿಕ್ಕೆ ಜನ ಬೇಕು. ದಿನಕ್ಕೆ ನಾನೂರು, ಮಧ್ಯಾಹ್ನ ಊಟ ಉಂಟು. ಫೋನ್ ನನ್ನದು, ಮಾತು ಸಹ ನನ್ನದು. ಬರುವುದಾದ್ರೆ ಎಂಟಕ್ಕೆ."

"ಬರ್ತೇನೆ."

ಬಾಣಲೆ ಇಳಿಸುವ ಸದ್ದು ಕೇಳಿತು.

ಮೇ 14, ಬುಧವಾರ

ಏಳೂವರೆಗೇ ಹೋಗಿ ಅವಳ ಗೇಟಿನ ಹತ್ತಿರ ನಿಂತೆ. ಅಡುಗೆಮನೆಯ ಕಿಟಕಿಯಿಂದ ಅವಳು ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ಬಾಗಿಲು ತೆಗೆದದ್ದು ಎಂಟಕ್ಕೆ.